ತೆನೆಹಬ್ಬದ ಚಮಚ

ಬೈಕಂಪಾಡಿ
16-3-2025

ಫ್ಲಾವಿಯಕ್ಕನಿಗೆ,

ಅಕ್ಷರ ನೋಡಿದ ಕೂಡಲೇ ಯಾರದ್ದೆಂದು ತಿಳಿದಿರುತ್ತದೆ. ಹರಿದು ಹಾಕುವುದಾದರೆ ಓದಿದ ಮೇಲೆ ಹರಿದು ಹಾಕು. ಮನೆ ಬಿಟ್ಟು ಆರು ತಿಂಗಳಾಯಿತು, ನಾನು ಸತ್ತಿಲ್ಲ. ಫೋನ್ ಇಲ್ಲ. ಕಳೆದುಹೋದದ್ದಲ್ಲ, ನಾನೇ ಬೇಡವೆಂದೆ. ಫೋನ್ ಇದ್ದರೆ ಚುಚ್ಚಿಕೊಳ್ಳುವ ಮಾಲು ಕೊಡುವವನ ನಂಬರ್ ಇರುತ್ತದೆ, ಅಳಿಸಿದರೂ ಬೆರಳಿಗೆ ನೆನಪಿರುತ್ತದೆ. ಮನೆಯಲ್ಲಿ ಕೊಂಕಣಿ, ಕಾಗದದಲ್ಲಿ ಕನ್ನಡ ಎಂದು ಪಪ್ಪ ಮಾಡಿದ ಕಾನೂನನ್ನು ಮುರಿದಿಲ್ಲ. ಮೂವತ್ತು ವರ್ಷ ವಾಮಂಜೂರಿನ ಶಾಲೆಯಲ್ಲಿ ಕನ್ನಡ ಕಲಿಸಿದ ಲಿಗೋರಿ ಮಾಸ್ಟ್ರ ಮಗ ಪಾಲಿಸಿದ ಕಾನೂನು ಇದೊಂದೇ.

ಇಲ್ಲಿ ಒಂದು ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಟೇಪ್ ಅಂಟಿಸುವ ಕೆಲಸ. ಮುಖೇಶ್ ಎಂಬವನ ಜೊತೆ ಕೋಣೆ. ಅವನೂ ನನ್ನ ಹಾಗೆಯೇ, ಒಂದೇ ಸೂಜಿಯನ್ನು ನಾಲ್ಕು ಜನ ಹಂಚಿಕೊಂಡು ಎಚ್‌ಐವಿ ತಂದುಕೊಂಡವನು. ಡಿಸೆಂಬರಿನಲ್ಲಿ ನಾನು ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿದ್ದಾಗ ಎತ್ತಿಕೊಂಡು ಚಟ ಬಿಡಿಸುವ ಸೆಂಟರಿಗೆ ಸೇರಿಸಿದ್ದು ಅವನೇ. ದಿನಾ ಬೆಳಿಗ್ಗೆ ಇಬ್ಬರೂ ಅಲ್ಲಿಗೆ ಹೋಗುತ್ತೇವೆ. ನಾಲಿಗೆಯಡಿ ಒಂದು ಮಾತ್ರೆ ಇಡುತ್ತಾರೆ, ಅದು ಕರಗುವವರೆಗೆ ನರ್ಸಿನ ಎದುರು ಕುಳಿತಿರಬೇಕು. ಕರಗಿದರೆ ಚುಚ್ಚಿಕೊಳ್ಳುವ ಆಸೆ ಆ ದಿನದ ಮಟ್ಟಿಗೆ ತಗ್ಗುತ್ತದೆ. ಯಾರೋ ಒಮ್ಮೆ ಅದನ್ನು ಬಾಯಿಯಿಂದ ತೆಗೆದು ಹೊರಗೆ ಮಾರಿದ್ದನಂತೆ, ಹಾಗಾಗಿ ಈಗ ಬಾಯಿ ತೆರೆಸಿ ಟಾರ್ಚು ಹಾಕಿ ನೋಡುತ್ತಾರೆ. ಮೀಸೆ ಬಂದ ಗಂಡಸರು ಸಾಲಾಗಿ ಬಾಯಿ ಕಳೆದು ಕೂರುವುದನ್ನು ನೀನು ಒಮ್ಮೆ ನೋಡಬೇಕು. ಎಚ್‌ಐವಿಯ ಮಾತ್ರೆ ಬೇರೆ, ಅದು ದಿನಕ್ಕೊಂದು, ಸಾಯುವವರೆಗೆ.

ಎಡಗಾಲಿನ ಗಾಯ ಒಣಗಿಲ್ಲ. ಬ್ಯಾಂಡೇಜು ಬಿಚ್ಚಿದರೆ ಬರುವ ವಾಸನೆಗೆ ಮುಖೇಶ್ ಕಿಟಕಿಯ ಕಡೆ ತಿರುಗುತ್ತಾನೆ. ಆದರೆ ಕಾಲು ನನ್ನದೇ, ನಾನು ಯಾವ ಕಡೆ ತಿರುಗಲಿ? ಕೋಣೆಯಲ್ಲಿ ಎರಡು ಬಟ್ಟಲು, ಎರಡು ಲೋಟ ಉಂಟು. ಚಮಚ ಮಾತ್ರ ಇಲ್ಲ, ಇಡಬಾರದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ನಮ್ಮಂಥವರಿಗೆ ಚಮಚ ಕಂಡರೆ ಗಂಜಿ ನೆನಪಾಗುವುದಿಲ್ಲ, ಮಾಲು ಕಾಯಿಸಲು ಅದರಡಿ ಹಿಡಿಯುವ ಬೆಂಕಿ ನೆನಪಾಗುತ್ತದೆ. ಚಹಾಕ್ಕೆ ಸಕ್ಕರೆ ಕದಡಲು ಪೆನ್ನಿನ ಹಿಂಬದಿ ಸಾಕು.

ಕಳೆದ ವಾರ ಸೆಂಟರಿಗೆ ಮನ್ವಿತಾ ಎಂಬ ಕಾಲೇಜು ಹುಡುಗಿ ಬಂದಳು. ಸೂಜಿ ಚುಚ್ಚಿಕೊಳ್ಳುವ ಎಚ್‌ಐವಿಯವರ ಜೀವನದ ಗುಣಮಟ್ಟದ ಬಗ್ಗೆ ಅಧ್ಯಯನವಂತೆ. ಪ್ರತಿ ಪ್ರಶ್ನೆಗೂ ಒಂದರಿಂದ ಐದರ ಒಳಗೆ ಉತ್ತರ ಹೇಳಬೇಕು. ನಿದ್ದೆ ತೃಪ್ತಿಕರವೇ? ನಿಮ್ಮ ದೇಹದ ರೂಪವನ್ನು ಒಪ್ಪಿಕೊಳ್ಳುತ್ತೀರಾ? ಪಾಪ, ಕೇಳುವಾಗ ಅವಳೇ ನಾಚುತ್ತಿದ್ದಳು. ಮನೆಯವರ ಬೆಂಬಲ ಎಷ್ಟು ಎಂದಾಗ ಸೊನ್ನೆ ಉಂಟಾ ಎಂದು ಕೇಳಿದೆ. ಇಲ್ಲವಂತೆ. ಹಾಗಾದರೆ ಒಂದು ಹಾಕಿ ಎಂದೆ. ಹಾಕುವಾಗ ಆ ಕಾಗದದ ಲೋಟ ಕಣ್ಣಮುಂದೆ ಬಂತು.

ನೆನಪುಂಟಲ್ಲ? ಕಳೆದ ವರ್ಷದ ಮೊಂತಿ ಫೆಸ್ತ್, ನಮ್ಮ ತೆನೆಹಬ್ಬ. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಪಪ್ಪ ಬಿಡಿಸಿದರು, ಒಬ್ಬೊಬ್ಬರ ಹೆಸರು ಹೇಳಿ ಐದೈದು ಕಾಳು. ದೋಹಾದಲ್ಲಿರುವ ನಿನ್ನ ಗಂಡ ಗ್ಲೆನ್‌ನ ಪಾಲು ಲಕೋಟೆಗೆ ಹೋಯಿತು. ಉಳಿದದ್ದನ್ನು ಅರೆದು ತೆಂಗಿನ ಹಾಲು ಬೆಲ್ಲಕ್ಕೆ ಸೇರಿಸಿ, ಮಮ್ಮಿಯ ತವರಿನ ಬೆಳ್ಳಿ ಚಮಚದಿಂದ ಎಲ್ಲರ ಬಾಯಿಗೂ ಹಾಕಿದರು. ಕಿರಿಯಳಾದ ನಿನ್ನ ಮಗಳು ಟಾನ್ಯಾ ಮೊದಲು, ಆಮೇಲೆ ನಾನು. ನಾನು ಬಾಯಿ ತೆರೆದು ನಿಂತಿದ್ದೆ. ನೀನು ನಡುವೆ ಬಂದು ಪಪ್ಪನ ಕೈಗೆ ಕಾಗದದ ಲೋಟ ಕೊಟ್ಟೆ, "ಇವನಿಗೆ ಇದರಲ್ಲಿ ಹಾಕಿ ಕೊಡಿ" ಎಂದೆ. ಟಾನ್ಯಾ ನೋಡುತ್ತಿದ್ದಳು. ನೀನು ನರ್ಸ್, ಅಕ್ಕ. ಚಮಚದಿಂದ ಈ ರೋಗ ಬರುವುದಿಲ್ಲವೆಂದು ಊರಿಗೆಲ್ಲ ಹೇಳುವವಳು. ಆ ಲೋಟ ಮೇಜಿನ ಮೇಲಿಟ್ಟು ಹೊರಟವನು ನಾನು ಮತ್ತೆ ಬರಲಿಲ್ಲ.

ಇದಕ್ಕೆ ಉತ್ತರ ಬೇಕು.

ನಿನ್ನ ತಮ್ಮ
ರೂಬನ್

*

ಶಕ್ತಿನಗರ
2-4-2025

ರೂಬನ್,

ನಿನ್ನ ಕಾಗದ ಪಪ್ಪನ ಕೈಗೆ ಸಿಗುವ ಮೊದಲು ನನ್ನ ಕೈಗೆ ಸಿಕ್ಕಿತು, ಅಷ್ಟು ಪುಣ್ಯ. ನೀನು ಕೇರಳದಲ್ಲಿ ಕೆಲಸದಲ್ಲಿದ್ದಿ ಎಂದು ಅವರಿಗೆ ಹೇಳಿದ್ದೇನೆ. ಅವರು ನಂಬಿದ ಹಾಗೆ ಇದ್ದಾರೆ.

ಹತ್ತೊಂಬತ್ತು ವರ್ಷ ವಾರ್ಡಿನಲ್ಲಿ ಕೀವು, ಮಲ, ರಕ್ತ ಎಲ್ಲವನ್ನೂ ಎತ್ತಿದ್ದೇನೆ, ಒಂದು ದಿನವೂ ಮೂಗು ಮುಚ್ಚಿದವಳಲ್ಲ. ನಿನ್ನ ಕಾಗದ ಓದಿ ಕೈ ತೊಳೆದೆ. ನಿನ್ನ ಗಾಯಕ್ಕಲ್ಲ. ಅಷ್ಟುದ್ದದ ಕಾಗದದಲ್ಲಿ ನಿನ್ನ ಕಾಲು, ನಿನ್ನ ಬಾಯಿ, ನಿನ್ನ ಲೋಟ ಬಿಟ್ಟು ಬೇರೆ ಯಾರೂ ಇಲ್ಲವಲ್ಲ, ಅದಕ್ಕೆ. ಟಾನ್ಯಾ ಹೇಗಿದ್ದಾಳೆಂದು ಒಂದು ಸಾಲು ಕೇಳಲಿಲ್ಲ. ಅವಳು ನೋಡುತ್ತಿದ್ದಳೆಂದು ಮಾತ್ರ ಬರೆದಿ.

ಮಮ್ಮಿ ತೀರಿಹೋಗಿ ತಿಂಗಳ ಪೂಜೆ ಮುಗಿಯುವ ಮೊದಲು ಅವರ ಹೊಲಿಗೆ ಮಿಷನ್ನು ಮಾರಿದವನು ನೀನು. ಪಪ್ಪನ ಕಣ್ಣಿನ ಆಪರೇಷನ್ ದಿನ ಬಚ್ಚಲಿನ ಬಾಗಿಲು ಒಡೆದು ನಿನ್ನನ್ನು ಹೊರಗೆ ಎಳೆದವಳು ನಾನು. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಿರಬಹುದಿತ್ತು, ಆದರೆ ನಮ್ಮ ಮನೆಯಲ್ಲಿ ಮಾಡಿದವನೊಬ್ಬ, ಉಣ್ಣುವವರು ಬೇರೆ. ನಿನಗೆ ಸೆಪ್ಟೆಂಬರಿನ ಲೋಟ ನೆನಪುಂಟು. ಅದರ ಹಿಂದಿನ ತಿಂಗಳು ಏನಾಯಿತೆಂದು ಒಮ್ಮೆಯಾದರೂ ಯೋಚಿಸಿದ್ದಿಯಾ?

ಮಾತ್ರೆ ತಪ್ಪಿಸಬೇಡ. ಗಾಯವನ್ನು ಉಪ್ಪುನೀರಿನಲ್ಲಿ ತೊಳೆ, ಆಸ್ಪತ್ರೆಯಲ್ಲಿ ತೋರಿಸು, ತೆರೆದಿಡಬೇಡ, ಗೋದಾಮಿನ ಧೂಳು ಕೂರುತ್ತದೆ. ಇದು ನರ್ಸ್ ಬರೆದದ್ದು, ಅಕ್ಕ ಅಲ್ಲ.

ಫ್ಲಾವಿಯಾ

*

ಬೈಕಂಪಾಡಿ
21-4-2025

ಅಕ್ಕ,

ನಿನ್ನೆ ಈಸ್ಟರ್. ಮುಖೇಶ್ ಎಲ್ಲಿಂದಲೋ ಎರಡು ಮೊಟ್ಟೆ ತಂದು ಬೇಯಿಸಿದ. ಅವನಿಗೆ ಹಬ್ಬ ಯಾವುದೆಂದು ಗೊತ್ತಿಲ್ಲ, ಮೊಟ್ಟೆ ತಿನ್ನಬೇಕೆಂದು ಮಾತ್ರ ಗೊತ್ತುಂಟು.

ನರ್ಸ್ ಹೇಳಿದ ಹಾಗೆ ಗಾಯ ತೋರಿಸಲು ಒಂದು ಆಸ್ಪತ್ರೆಗೆ ಹೋದೆ. ಹೆಸರು ಬೇಡ. ನನ್ನ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದು, ಎಲ್ಲರಿಗೂ ಕಾಣುವ ಹಾಗೆ ಬೆಂಚಿನ ಮೇಲಿಟ್ಟರು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಅದನ್ನು ಓದಿ ಸೀರೆಯ ಸೆರಗು ಎತ್ತಿಕೊಂಡು ಎದ್ದುಹೋದಳು. ಡ್ರೆಸ್ಸಿಂಗ್ ಮಾಡುವವನು ಎರಡು ಜತೆ ಗ್ಲೌಸು ಹಾಕಿ, ಇಕ್ಕಳದಲ್ಲಿ ಹತ್ತಿ ಹಿಡಿದು ದೂರದಿಂದ ಒತ್ತಿದ. "ಎಂತ ಮಾರಾಯ, ಚುಚ್ಚುವಾಗ ನೋವಾಗಲಿಲ್ಲ, ಈಗ ನೋವಾ?" ಎಂದ. ಉಳಿದವರು ನಕ್ಕರು. ಸತ್ತ ಹೆಗ್ಗಣವನ್ನು ಕೂಡ ಜನ ಅಷ್ಟು ದೂರದಿಂದ ಎತ್ತುವುದಿಲ್ಲ. ನನಗೆ ಸಿಟ್ಟು ಬರಲಿಲ್ಲ, ಅವನ ಮುಖದಲ್ಲಿ ನಿನ್ನ ಮುಖ ಕಂಡಿತು. ಅವನಿಗಾದರೂ ತಿಳಿವಳಿಕೆ ಇಲ್ಲ.

ಆಗಸ್ಟಿನಲ್ಲಿ ಏನಾಯಿತೆಂದು ಕೇಳಿದ್ದಿ. ನನಗೆ ನೆನಪಿಲ್ಲ. ಆಗ ನಾನು ಎಲ್ಲಿ ಮಲಗುತ್ತಿದ್ದೆ, ಯಾವಾಗ ಮನೆಗೆ ಬರುತ್ತಿದ್ದೆ ಎಂಬುದೇ ಗೊತ್ತಿರಲಿಲ್ಲ. ಏನಾದರೂ ಕದ್ದಿದ್ದರೆ ಹೇಳು, ಒಪ್ಪಿಕೊಳ್ಳುತ್ತೇನೆ.

ನನಗೆ ಬೇಕಾದ್ದು ಒಂದೇ. ಪಪ್ಪನಿಗೆ ಎಪ್ಪತ್ತೊಂಬತ್ತಾಯಿತು. ಈ ಸೆಪ್ಟೆಂಬರ್ ಎಂಟಕ್ಕೆ ನಿಮ್ಮ ಸಾಲಿನಲ್ಲಿ ನಿಂತು ಅವರ ಕೈಯಿಂದ ಒಂದು ಚಮಚ ತಿನ್ನಬೇಕು. ತಿಂದು ಹೊರಡುತ್ತೇನೆ, ಊಟಕ್ಕೂ ನಿಲ್ಲುವುದಿಲ್ಲ. ಬರಬಹುದಾ ಬೇಡವಾ, ಅಷ್ಟು ಬರೆ. ಟಾನ್ಯಾ ಹೇಗಿದ್ದಾಳೆ?

ರೂಬನ್

*

ಶಕ್ತಿನಗರ
11-6-2025

ರೂಬನ್,

ಎರಡು ಸಲ ಬರೆದು ಹರಿದೆ. ಇವತ್ತು ಹರಿಯುವುದಿಲ್ಲ.

ಕಳೆದ ಆಗಸ್ಟ್ ಮೂರು, ಶನಿವಾರ. ಟಾನ್ಯಾಳ ಶಾಲೆಯ ಅಂಗಿಯ ಗುಂಡಿ ಕಿತ್ತುಹೋಗಿತ್ತು. ನಾನು ಡ್ಯೂಟಿಯಿಂದ ಬಂದು ಸ್ನಾನ ಮಾಡುತ್ತಿದ್ದೆ. ಏಳು ವರ್ಷದ ಹುಡುಗಿ, ತಾನೇ ಹೊಲಿಯುತ್ತೇನೆಂದು ಮಮ್ಮಿಯ ಹೊಲಿಗೆ ಡಬ್ಬಿಗೆ ಕೈ ಹಾಕಿದಳು. ಮಿಷನ್ನು ಮಾರಿದ್ದಿ, ಡಬ್ಬಿ ಉಳಿದಿತ್ತು. ಅದರೊಳಗೆ ನೂಲಿನ ಉಂಡೆಗಳ ಕೆಳಗೆ ನಿನ್ನ ಸಿರಿಂಜು ಇತ್ತು. ಮುಚ್ಚಳ ಇರಲಿಲ್ಲ. ಒಳಗೆ ರಕ್ತ ಇತ್ತು. ಬೆರಳು ಹಿಡಿದುಕೊಂಡು ಬಂದು "ಮಮ್ಮಾ, ಅಜ್ಜಿಯ ಸೂಜಿ ದೊಡ್ಡದುಂಟು" ಎಂದಳು.

ನಾನು ಕೆಲಸ ಮಾಡುವ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ಅಲ್ಲಿ ಎಲ್ಲರಿಗೂ ನನ್ನ ಗುರುತು. ಬೇರೆ ಕಡೆ, ನಿನ್ನಂಥವರು ಕೂರುವ ಬೆಂಚಿನಲ್ಲಿ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾದೆ. ಯಾರ ಸೂಜಿ ಎಂದು ಕೇಳಿದರು. ತಮ್ಮನದು ಎಂದೆ. ಅವನಿಗೆ ಉಂಟಾ ಎಂದರು. ಉಂಟು, ಮಾತ್ರೆ ತಿನ್ನುವುದಿಲ್ಲ ಎಂದೆ. ಆ ಎರಡು ಉತ್ತರ ಹೇಳಿದ ಬಾಯಿಯನ್ನು ಇವತ್ತಿಗೂ ತೊಳೆಯಲಾಗಲಿಲ್ಲ.

ರೋಗ ಹಿಡಿಯದಂತೆ ಇಪ್ಪತ್ತೆಂಟು ದಿನ ಔಷಧಿ. ಹುಳದ ಔಷಧಿ ಎಂದು ಸುಳ್ಳು ಹೇಳಿ ಕುಡಿಸಿದೆ. ಕುಡಿದದ್ದನ್ನೆಲ್ಲ ಕಾರುತ್ತಿದ್ದಳು, ಮತ್ತೆ ಕುಡಿಸುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಎಷ್ಟು ಹುಳ ಉಂಟು ಮಮ್ಮಾ ಎಂದು ಕೇಳುತ್ತಿದ್ದಳು. ಗ್ಲೆನ್‌ಗೆ ಹೇಳಲಿಲ್ಲ. ಪಪ್ಪನಿಗೆ ಹೇಳಲಿಲ್ಲ. ನಿನಗೂ ಹೇಳಲಿಲ್ಲ, ಹೇಳಿದರೆ ಆ ನೆಪದಲ್ಲಿ ಇನ್ನೊಂದು ಚುಚ್ಚಿಕೊಂಡು ಅಳುತ್ತಿದ್ದಿ, ನಿನ್ನ ಅಳುವನ್ನು ನಾನು ಒರೆಸಬೇಕಿತ್ತು. ಪ್ರತಿ ದಿನ ಟಾರ್ಚು ಹಿಡಿದು ಹಾಸಿಗೆ, ಅಕ್ಕಿ ಡ್ರಮ್ಮು, ದೇವರ ಅಲ್ತಾರಿನ ಹಿಂಬದಿ ಎಲ್ಲ ತಡಕುತ್ತಿದ್ದೆ. ನೀನು ಬಂದು ಉಂಡು ಹೋಗುತ್ತಿದ್ದಿ. "ಏನಕ್ಕ, ಏನು ಹುಡುಕ್ತಿ?" ಎಂದು ಒಮ್ಮೆ ಕೇಳಿದ್ದಿ.

ಅವಳಿಗೆ ಏನೂ ಬಂದಿಲ್ಲ. ಆರು ತಿಂಗಳ ಕೊನೆಯ ಪರೀಕ್ಷೆ ಫೆಬ್ರವರಿಯಲ್ಲಿ ಆಯಿತು, ಇಲ್ಲವೆಂದು ಬಂತು. ಇದನ್ನು ಮೊದಲ ಸಾಲಿನಲ್ಲೇ ಬರೆಯಬಹುದಿತ್ತು. ಇಲ್ಲಿಯವರೆಗೆ ನೀನು ಉಸಿರು ಹಿಡಿದು ಓದಲಿ ಎಂದೇ ಬರೆಯಲಿಲ್ಲ. ನಾನು ಆರು ತಿಂಗಳು ಹಾಗೆ ಇದ್ದೆ.

ಇನ್ನು ನಿನ್ನ ಲೋಟ. ಹಬ್ಬದ ದಿನ ಅವಳ ಮೊದಲ ಪರೀಕ್ಷೆಗೆ ಇನ್ನೂ ಒಂದು ವಾರ ಇತ್ತು. ಅವಳ ರಕ್ತದಲ್ಲಿ ಏನುಂಟೆಂದು ಯಾರಿಗೂ ಗೊತ್ತಿರಲಿಲ್ಲ. ಪಪ್ಪ ಅದೇ ಚಮಚವನ್ನು ಅವಳ ಬಾಯಿಗೆ ಇಟ್ಟರು, ನಾನು ಅಡ್ಡ ಬರಲಿಲ್ಲ. ನನ್ನ ಬಾಯಿಗೂ ಅದೇ ಬಂತು. ಹಾಗಾದರೆ ಚಮಚದಿಂದ ಬರುವುದಿಲ್ಲವೆಂದು ನನಗೆ ಗೊತ್ತಿತ್ತು, ಅಲ್ಲವಾ? ನಿನ್ನ ಲೋಟ ರೋಗಕ್ಕಲ್ಲ, ರೂಬನ್. ಟಾನ್ಯಾಳ ಎದುರು, ಪಪ್ಪನ ಎದುರು ನಿನಗೆ ನಾಚಿಕೆಯಾಗಲಿ ಎಂದು, ಹಿಂದಿನ ದಿನವೇ ಅಂಗಡಿಗೆ ಹೋಗಿ ತಂದಿಟ್ಟದ್ದು. ವಾರ್ಡಿನಲ್ಲಿ ಬೇರೆ ನರ್ಸ್ ಹಾಗೆ ಮಾಡಿದ್ದರೆ ನಾನೇ ದೂರು ಬರೆಯುತ್ತಿದ್ದೆ. ನಿನ್ನ ಬಗ್ಗೆ ಇರುವ ಹೇಸಿಗೆಯಲ್ಲಿ ಅರ್ಧ ನನಗೂ ಸೇರಬೇಕಾದ್ದೇ. ಆದರೆ ಮೊದಲರ್ಧ ನಿನ್ನದು.

ಹಬ್ಬಕ್ಕೆ ಬರಬೇಕಾ ಎಂದು ಈಗ ನೀನೇ ಹೇಳು.

ಫ್ಲಾವಿಯಾ

*

ಬೈಕಂಪಾಡಿ
2-7-2025

ಅಕ್ಕ,

ನಿನ್ನ ಕಾಗದ ಸಿಕ್ಕಿದ ದಿನ ಕೆಲಸಕ್ಕೆ ಹೋಗಲಿಲ್ಲ. ನೀನು ಹೇಳಿದ ಹಾಗೆಯೇ ಮಾಡಿದೆ, ಹೋಗಿ ಚುಚ್ಚಿಕೊಂಡೆ. ಡಿಸೆಂಬರಿನಿಂದ ಸುಮ್ಮನಿದ್ದ ಕೈ ದಾರಿ ಮರೆತಿರಲಿಲ್ಲ. ಮುಖೇಶ್ ಮರುದಿನ ಎಳೆದುಕೊಂಡು ಹೋಗಿ ನರ್ಸಿಗೆ ಒಪ್ಪಿಸಿದ. ಅವತ್ತಿನಿಂದ ಮತ್ತೆ ಇಲ್ಲ. ಇದನ್ನು ಬರೆಯದೆ ಇರಬಹುದಿತ್ತು.

ಆ ಡಬ್ಬಿಯಲ್ಲಿ ಇಟ್ಟದ್ದು ನನಗೆ ನೆನಪಿಲ್ಲ. ನೆನಪಿದ್ದಿದ್ದರೆ ವಾಸಿಯಿತ್ತು, ಇಂಥ ದಿನ ಇಂಥ ತಪ್ಪು ಮಾಡಿದೆ ಎಂದಾದರೂ ಇರುತ್ತಿತ್ತು. ಅವಳ ಯಾವ ಬೆರಳು ಎಂದು ದಿನಾ ಯೋಚಿಸುತ್ತೇನೆ. ಕೇಳುವುದಿಲ್ಲ.

ನೆನಪಿರುವುದು ಒಂದುಂಟು, ಅದನ್ನು ಹೇಳಬೇಕು. ಮಮ್ಮಿಯ ಬೆಳ್ಳಿ ಚಮಚ. ಕಳೆದ ವರ್ಷ ಜುಲೈಯಲ್ಲಿ ಅಲ್ತಾರಿನ ಕೆಳಗಿನ ಖಾನೆಯಿಂದ ಅದನ್ನು ತೆಗೆದು ಬಚ್ಚಲಿಗೆ ಒಯ್ದಿದ್ದೆ. ಒಂದು ಸಲ ಅಲ್ಲ. ಅಡಿಯಲ್ಲಿ ಬೆಂಕಿಯ ಮಸಿ ಹಿಡಿಯಿತು. ತೊಳೆಯಲೂ ಇಲ್ಲ, ವಾಪಸು ಇಟ್ಟೆ. ಹಬ್ಬದ ಹಿಂದಿನ ಸಂಜೆ ಪಪ್ಪ ಜಗಲಿಯಲ್ಲಿ ಕುಳಿತು ಬೂದಿ, ಹುಣಸೆಹಣ್ಣು ಹಾಕಿ ಅದನ್ನು ತಿಕ್ಕುತ್ತಿದ್ದರು. "ಬೆಳ್ಳಿ ಹೀಗೆಯೇ, ಒಂದು ವರ್ಷ ಮುಟ್ಟದಿದ್ದರೆ ಕಪ್ಪಾಗ್ತದೆ" ಎಂದರು. ನಾನು ಪಕ್ಕದಲ್ಲಿ ಕುಳಿತು ಹೌದು ಪಪ್ಪ ಎಂದೆ.

ಮರುದಿನ ಆ ಚಮಚವೇ ಟಾನ್ಯಾಳ ಬಾಯಿಗೆ ಹೋಯಿತು, ನಾನು ನೋಡುತ್ತಿದ್ದೆ. ನೀನು ಲೋಟ ತಂದಾಗ ಅವಮಾನ ಆಯಿತು ನಿಜ. ಆದರೆ ಆ ಸಾಲಿನಲ್ಲಿ ಚಮಚ ಏನೆಂದು ಗೊತ್ತಿದ್ದವನು ನಾನೊಬ್ಬನೇ. ಅದನ್ನು ಮುಚ್ಚಿಟ್ಟು, ಲೋಟವನ್ನು ಮಾತ್ರ ಹಿಡಿದುಕೊಂಡು ಇಷ್ಟು ತಿಂಗಳು ಅತ್ತೆ. ಮುಖೇಶನ ಹತ್ತಿರ ಅತ್ತೆ, ಆ ಕಾಲೇಜು ಹುಡುಗಿಯ ಹತ್ತಿರ ಒಂದು ಅಂಕ ಹಾಕಿಸಿ ಅತ್ತೆ. ನನ್ನ ಮೇಲೆ ನನಗೆ ವಾಂತಿ ಬರುವಷ್ಟು ಹೇಸಿಗೆ, ಕಾಲಿನ ಗಾಯ ಅದಕ್ಕೆ ಹೋಲಿಸಿದರೆ ಎಷ್ಟೋ ಚೊಕ್ಕ.

ಚಮಚವನ್ನು ಬಿಸಾಡು. ಹಬ್ಬಕ್ಕೆ ನಾನು ಬರುವುದಿಲ್ಲ. ಇದಕ್ಕೆ ಉತ್ತರ ಬೇಡ.

ರೂಬನ್

*

ಶಕ್ತಿನಗರ
19-7-2025

ರೂಬನ್,

ಮಾತ್ರೆ ದಿನಾ ತಿನ್ನುತ್ತಿದ್ದಿಯಾ? ಕೊನೆಯ ರಕ್ತ ಪರೀಕ್ಷೆಯಲ್ಲಿ ಏನು ಬಂತು? ಇಷ್ಟು ಮಾತ್ರ ಬರೆ. ಉಳಿದದ್ದನ್ನು ಓದಿದ್ದೇನೆ. ಅದರ ಬಗ್ಗೆ ಮಾತಾಡುವ ಶಕ್ತಿ ಈಗ ಇಲ್ಲ.

ಫ್ಲಾವಿಯಾ

*

ಬೈಕಂಪಾಡಿ
24-8-2025

ಅಕ್ಕ,

ತಿನ್ನುತ್ತಿದ್ದೇನೆ. ವೈರಲ್ ಲೋಡ್ ಪರೀಕ್ಷೆ ಬಂತು. ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿದರು. ಮಾತ್ರೆ ಬಿಟ್ಟರೆ ಮತ್ತೆ ಏಳುತ್ತದಂತೆ. ಕಾಲಿನ ಗಾಯ ಅಂಚಿನಿಂದ ಮುಚ್ಚುತ್ತಾ ಬರುತ್ತಿದೆ, ವಾಸನೆ ಹೋಗಿದೆ. ಗೋದಾಮಿನವರಿಗೆ ಯಾರೋ ನಮ್ಮ ವಿಷಯ ಹೇಳಿದ್ದಾರೆ. ಕೆಲಸದಿಂದ ತೆಗೆಯಲಿಲ್ಲ, ಆದರೆ ನಮ್ಮಿಬ್ಬರ ನೀರಿನ ಕೊಡ ಬೇರೆ ಇಟ್ಟಿದ್ದಾರೆ. ಮೊದಲಾಗಿದ್ದರೆ ಒಡೆದು ಹಾಕುತ್ತಿದ್ದೆ. ಈಗ ಅದರಲ್ಲೇ ಕುಡಿಯುತ್ತೇನೆ.

ಮನ್ವಿತಾ ಮೊನ್ನೆ ಎರಡನೇ ಸುತ್ತಿಗೆ ಬಂದಿದ್ದಳು, ಅವೇ ಪ್ರಶ್ನೆಗಳು. ಮನೆಯವರ ಬೆಂಬಲ ಎಷ್ಟು ಎಂದಾಗ ಅದನ್ನು ಖಾಲಿ ಬಿಡಿ ಎಂದೆ. ಖಾಲಿ ಬಿಡಬಾರದು ಎಂದಳು. ನಾನು ಮನೆಯವರಿಗೆ ಕೊಟ್ಟದ್ದು ಎಷ್ಟೆಂದು ನಿಮ್ಮ ಹಾಳೆಯಲ್ಲಿ ಎಲ್ಲಿ ಕೇಳುತ್ತಾರೆ ಎಂದು ಕೇಳಿದೆ. ಹಾಳೆಗಳನ್ನೆಲ್ಲ ತಿರುವಿ ನೋಡಿದಳು, ಅಂಥ ಪ್ರಶ್ನೆ ಇರಲಿಲ್ಲ.

ಹಬ್ಬದ ದಿನ ಪಪ್ಪನಿಗೆ ನಾನು ಕೇರಳದಲ್ಲೇ ಇದ್ದೇನೆಂದು ಹೇಳು.

ರೂಬನ್

*

ಶಕ್ತಿನಗರ
9-9-2025

ರೂಬನ್,

ನಿನ್ನೆ ಹಬ್ಬ ಆಯಿತು. ಟಾನ್ಯಾ ಹಬ್ಬದ ಒಂಬತ್ತು ದಿನವೂ ಇಗರ್ಜಿಗೆ ಹೂ ಒಯ್ದಳು, ಕೊನೆಯ ದಿನ ಕಬ್ಬು ಸಿಕ್ಕಿತು. ಅವಳ ಒಂದು ಹಲ್ಲು ಅಲ್ಲಾಡುತ್ತಿದೆ, ಕಬ್ಬು ಕಚ್ಚಲಾಗದೆ ಅತ್ತಳು. ಹೇಗಿದ್ದಾಳೆಂದು ಏಪ್ರಿಲಿನಲ್ಲಿ ಕೇಳಿದ್ದಿಯಲ್ಲ, ಹೀಗಿದ್ದಾಳೆ. ಬಲಗೈಯ ತೋರುಬೆರಳು. ಗುರುತು ಉಳಿದಿಲ್ಲ.

ಚಮಚ ಬಿಸಾಡು ಎಂದಿದ್ದಿ. ಜುಲೈಯಲ್ಲಿ ನಿನ್ನ ಕಾಗದ ಬಂದ ಮರುದಿನ ಅದನ್ನು ಚೀಲಕ್ಕೆ ಹಾಕಿಕೊಂಡು ಡ್ಯೂಟಿಗೆ ಹೋದೆ. ಆಸ್ಪತ್ರೆಯ ಕಸದ ಡ್ರಮ್ಮಿನ ಹತ್ತಿರ ಮೂರು ಸಲ ಹೋಗಿ ಬಂದೆ. ಸಂಜೆ ಅದೇ ಚೀಲದಲ್ಲಿ ಮನೆಗೆ ತಂದೆ, ಏಕೆಂದು ಕೇಳಬೇಡ. ಇಪ್ಪತ್ತು ನಿಮಿಷ ನೀರಿನಲ್ಲಿ ಕುದಿಸಿದೆ. ಕುದಿಸುವ ಅಗತ್ಯ ಇಲ್ಲವೆಂದು ಗೊತ್ತಿದ್ದೂ ಕುದಿಸಿದೆ. ಭಾನುವಾರ ಪಪ್ಪ ಬೂದಿ ಹಾಕಿ ತಿಕ್ಕಿದರು. ಅಡಿಯ ಮಸಿ ಪೂರ್ತಿ ಹೋಗಲಿಲ್ಲ. ಅವರು ಮತ್ತೆ ಅದೇ ಮಾತು ಹೇಳಿದರು, ಬೆಳ್ಳಿ ಹೀಗೆಯೇ ಎಂದು. ನಾನೂ ಹೌದು ಪಪ್ಪ ಎಂದೆ.

ಕಾಗದದ ಲೋಟ ಈ ಸಲ ತರಲಿಲ್ಲ. ಟಾನ್ಯಾಳ ಬಾಯಿಯ ಹತ್ತಿರ ಆ ಚಮಚ ಬಂದಾಗ ಕೈ ಅಡ್ಡ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ಅವಳು ತಿಂದು, ಬೆಲ್ಲ ಕಡಿಮೆಯಾಯಿತೆಂದಳು. ಆಮೇಲೆ ನನ್ನ ಸರದಿ. ನಿನ್ನ ಬಚ್ಚಲು, ನಿನ್ನ ಬೆಂಕಿ, ಆ ಮಸಿ ಎಲ್ಲ ಕಣ್ಣಮುಂದೆ ಇತ್ತು. ಹೇಸಿಗೆಯಾಯಿತು, ರೂಬನ್. ಆದರೂ ಬಾಯಿ ತೆರೆದೆ, ನುಂಗಿದೆ.

ಕೇರಳದ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಕಾಳು ಬಿಡಿಸುವಾಗ ಪಪ್ಪ ಟಾನ್ಯಾ ಎಂದು ಐದು, ಫ್ಲಾವಿಯಾ ಎಂದು ಐದು, ಗ್ಲೆನ್ ಎಂದು ಐದು ಇಟ್ಟರು. ಆಮೇಲೆ ರೂಬನ್ ಎಂದು ಐದು ಬಿಡಿಸಿ ನನ್ನ ಮುಂದೆ ಸರಿಸಿದರು. "ಗ್ಲೆನ್‌ನದ್ದನ್ನು ಪೋಸ್ಟ್ ಮಾಡುವಾಗ ಇದನ್ನೂ ಮಾಡು. ಬೈಕಂಪಾಡಿಗೆ ಒಂದು ದಿನದಲ್ಲಿ ಮುಟ್ಟುತ್ತದೆ" ಎಂದರು. ಅವರಿಗೆ ಎಷ್ಟು ಗೊತ್ತುಂಟೆಂದು ನಾನು ಕೇಳಲಿಲ್ಲ.

ಆ ಐದು ಕಾಳು ಈ ಕಾಗದದ ಮಡಿಕೆಯಲ್ಲಿವೆ, ಬಿಚ್ಚುವಾಗ ಬೀಳಿಸಬೇಡ. ಸಿಪ್ಪೆ ತೆಗೆದು ಹಾಲಿಗೆ ಹಾಕಿ ತಿನ್ನು, ಮುಖೇಶನಿಗೂ ಕೊಡು. ಕೋಣೆಯಲ್ಲಿ ಚಮಚ ಇಲ್ಲವೆಂದು ಬರೆದಿದ್ದಿ, ಇಲ್ಲದಿರುವುದೇ ಒಳ್ಳೆಯದು, ಈ ವರ್ಷ ಕೈಯಿಂದಲೇ ತಿನ್ನಿ. ನಿನ್ನನ್ನು ಕ್ಷಮಿಸಿದ್ದೇನೆಂದು ಬರೆದರೆ ಸುಳ್ಳಾಗುತ್ತದೆ, ಹಾಗಾಗಿ ಬರೆಯುವುದಿಲ್ಲ. ಚಮಚ ಅಲ್ತಾರಿನ ಕೆಳಗಿನ ಖಾನೆಯಲ್ಲಿ ಉಂಟು. ಅದನ್ನು ನಾನು ಪೋಸ್ಟಿನಲ್ಲಿ ಕಳಿಸುವುದಿಲ್ಲ. ಬರುವ ವರ್ಷ ನೀನೇ ಬಂದು ಬಾಯಿ ತೆರೆ.

ಅಕ್ಕ